ಜೌಗಿಗೆ ಬಿದ್ದ ಬೀಗ

ಜನವರಿ ೧೧

ಅಣ್ಣನಿಗೆ,

ಫೋನ್ ಮಾಡಿದರೆ ಇಬ್ಬರೂ ಕಿರುಚಾಡುತ್ತೇವೆ. ಆಮೇಲೆ ಯಾರು ಮೊದಲು ಫೋನ್ ಕುಕ್ಕಿದರು ಎಂಬುದೇ ಇನ್ನೊಂದು ಜಗಳವಾಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನೆ ಅಂಗಡಿಗೆ ಒಬ್ಬ ಹೆಂಗಸು ಬಂದಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿದೆ, ಮೊಣಕಾಲಿನವರೆಗೆ ರಬ್ಬರ್ ಬೂಟು, ಬೂಟಿಗೆ ಮೆತ್ತಿದ ಕಪ್ಪು ಕೆಸರು. ನಾನು ಯಾರದೋ ಕಪಾಟಿನ ಬೀಗ ಬಿಚ್ಚಿಕೊಂಡು ಕೂತಿದ್ದೆ. "ಗೇಟಿಗೆ ಹಾಕೋಕೆ ಒಂದು ಗಟ್ಟಿ ಬೀಗ ಕೊಡಮ್ಮ. ಮಳೇಲಿ ತುಕ್ಕು ಹಿಡೀಬಾರದು" ಅಂದರು. ಹಿತ್ತಾಳೆಯದು ತೋರಿಸಿದೆ. ಮಾತಿಗೆ ಮಾತು ಎಂದು "ಎಲ್ಲಿ ಗೇಟು?" ಎಂದು ಕೇಳಿದೆ.

"ಊರಾಚೆ ಜೌಗು ಇದೆಯಲ್ಲ, ಹೂಜಿಗಿಡ ಬೆಳೆಯೋದು. ಅದನ್ನ ನಾನು ತಗೊಂಡೆ."

ನಾನು ಚಿಲ್ಲರೆಯನ್ನು ಸರಿಯಾಗಿ ಎಣಿಸಿ ಕೊಟ್ಟೆ ಅಣ್ಣಾ. "ಎರಡು ಕೀ ಬರುತ್ತೆ, ಜೋಪಾನ" ಎಂದೂ ಹೇಳಿದೆ. ನನ್ನನ್ನೇ ಹೊರಗಿಡುವ ಬೀಗವನ್ನು ನಾನೇ ಆರಿಸಿ, ಎಣ್ಣೆ ಬಿಟ್ಟು, ಕಾಗದದಲ್ಲಿ ಸುತ್ತಿ ಕೊಟ್ಟು ಕಳಿಸಿದೆ.

ಪಾಲಾದಾಗ ಅಪ್ಪನ ಬೀಗದಂಗಡಿ ನನಗೆ, ಜೌಗು ನಿನಗೆ ಎಂದಾಗಿತ್ತು. ಕಾಲಿಟ್ಟರೆ ಹೂತುಹೋಗುವ ನೆಲ ಕಟ್ಟಿಕೊಂಡು ಇವನು ಏನು ಮಾಡುತ್ತಾನೆ ಎಂದು ನೆಂಟರೆಲ್ಲ ನಕ್ಕರು. ನೀನು ನಗಲಿಲ್ಲ. ಹೊಟ್ಟೆಯ ಮೇಲೆ ಮಲಗಿ ಹೂಜಿಯಂಥ ಎಲೆಯ ಬಾಯೊಳಗೆ ಇಣುಕುತ್ತಿದ್ದವನು ನೀನು. ನೊಣ ಅಂಚಿನ ಮೇಲೆ ಕೂತು, ಸಿಹಿ ನೆಕ್ಕಿ, ಕಾಲು ಜಾರಿ ಒಳಗೆ ಬಿದ್ದ ಕೂಡಲೇ "ಬಿತ್ತು!" ಎಂದು ಕೂಗಿ ನನ್ನನ್ನು ಎಳೆದು ತರುತ್ತಿದ್ದೆ. ಕಾಲು ಹಾಕಿದರೆ ಅಂಟುವ ಕೆಂಪು ಕೂದಲಿನ ಆ ಸಣ್ಣ ಗಿಡಗಳನ್ನು ತುಳಿದೆ ಎಂದು ನನಗೆ ಹೊಡೆದದ್ದೂ ಉಂಟು. ಅಂಥವನು ಅದನ್ನು ಮಾರಿದ, ಅದೂ ನನಗೆ ಒಂದು ಮಾತು ಹೇಳದೆ.

ಆಕೆ ಯಾರು? ಯಾಕೆ ಮುಚ್ಚಿಟ್ಟೆ? ಮುಚ್ಚಿದ್ದನ್ನು ತೆಗೆಯುವುದೇ ನನ್ನ ಕಸುಬು, ಅದು ನೆನಪಿರಲಿ.

ಉತ್ತರಕ್ಕೆ ಕಾಯುವ,
ನಿನ್ನ ತಂಗಿ


ಜನವರಿ ೨೮

ತಂಗಿಗೆ,

ನಿನ್ನ ಪತ್ರ ಆಸ್ಪತ್ರೆಯ ವಿಳಾಸಕ್ಕೆ ಬಂತು. ಒಬ್ಬರ ಕಾಲಿನ ಅಳತೆಯ ಅಚ್ಚು ತೆಗೆಯುತ್ತಿದ್ದೆ, ಕೈತುಂಬ ಪ್ಲಾಸ್ಟರ್. ಈಗ ನಿನ್ನ ಬೈಗುಳದ ಮೇಲೆಲ್ಲ ನನ್ನ ಬಿಳಿ ಬೆರಳಚ್ಚುಗಳಿವೆ.

ಮಾರಿದ್ದು ನಿಜ. ಆಕೆಯ ಗಂಡನಿಗೆ ಕೃತಕ ಕಾಲು ಮಾಡಿಕೊಟ್ಟಾಗ ಪರಿಚಯವಾಯಿತು. ನಮ್ಮ ಕಾರ್ಯಾಗಾರದ ಗೋಡೆಯ ಮೇಲಿನ ಜೌಗಿನ ಫೋಟೋ ನೋಡಿ ತಾವೇ ಕೇಳಿದರು. ಮೊದಲು ನೀರಿನ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದವರು. ನೀರು ಬಸಿಯಬಾರದು, ಮಣ್ಣು ತುಂಬಬಾರದು, ಕಟ್ಟಡ ಕಟ್ಟಬಾರದು ಎಂದು ಕ್ರಯಪತ್ರದಲ್ಲೇ ಬರೆಸಿದ್ದೇನೆ. ಇಷ್ಟು ಸಾಲದೇ?

ಯಾಕೆ ಮಾರಿದೆ, ಯಾಕೆ ಹೇಳಲಿಲ್ಲ ಎಂದು ಕೇಳಬೇಡ. ಸದ್ಯ ಆ ಕಡೆ ಹೋಗದಿದ್ದರೆ ಒಳ್ಳೆಯದು. ಹೋಗಿ ಬೇಲಿ ಹಾರುವ ಕೆಲಸವಂತೂ ಬೇಡ.

ಚಳಿಗೆ ನಿನ್ನ ಬೆರಳ ಗಂಟು ನೋಯುವುದು ಕಡಿಮೆಯಾಯಿತೇ?

ಇಷ್ಟೇ,
ಅಣ್ಣ


ಮಾರ್ಚ್ ೪

ಅಣ್ಣನಿಗೆ,

ಬೆರಳಿನ ಗಂಟು ಹಾಗೇ ಇದೆ. ವಿಚಾರಿಸಿದ್ದಕ್ಕೆ ಸಂತೋಷ.

ನೀನು ಹೋಗಬೇಡ ಎಂದ ಮೇಲೆ ಹೋಗದೆ ಇರುತ್ತೇನೆಯೇ? ರಸ್ತೆ ಸರಕಾರದ್ದು, ಅದರ ಮೇಲೆ ನಿಲ್ಲಲು ನಿನ್ನ ಅಪ್ಪಣೆ ಬೇಕಾಗಿಲ್ಲ. ಭಾನುವಾರ ಅಂಗಡಿ ಮುಚ್ಚಿ ಹೋಗಿ ನಿಂತರೆ ಒಳಗೆ ಗರಗಸದ ಸದ್ದು. ನಿನ್ನ ಎಂಜಿನಿಯರಮ್ಮ, ನಾನು ಬೂಟಿನಮ್ಮ ಎನ್ನುತ್ತೇನೆ, ಆಳುಗಳನ್ನು ಹಚ್ಚಿ ಮರ ಕಡಿಸುತ್ತಿದ್ದರು. ನಾವು ನೆರಳಿಗೆ ಕೂರುತ್ತಿದ್ದ ಸಾಲೂ ಹೋಯಿತು. ಮರುವಾರ ಹೋದರೆ ಹೊಗೆ. ಅರ್ಧ ಜೌಗು ಸುಟ್ಟು ಕರ್ರಗಾಗಿ ಬಿದ್ದಿದೆ. ಗೇಟಿನ ಪಕ್ಕ ಒಂದು ವ್ಯಾನು, ಅದರೊಳಗೆ ಖಾಲಿ ಮರದ ಪೆಟ್ಟಿಗೆಗಳು. ಯಾವುದಕ್ಕೆ ಪೆಟ್ಟಿಗೆ?

ಬೇಲಿಯ ಈಚೆಯಿಂದಲೇ ಕೂಗಿದೆ: "ಏನಮ್ಮಾ, ಕಾಯ್ತೀನಿ ಅಂತ ತಗೊಂಡು ಬೆಂಕಿ ಹಚ್ತೀರಲ್ಲ!"

"ಗಿಡಕ್ಕೆ ಬೆಳಕು ಬೇಕು" ಎಂದು ಒಂದು ಮಾತು ಹೇಳಿ ಬೆನ್ನು ತಿರುಗಿಸಿದರು. ಬೆಳಕಂತೆ.

ಅರಣ್ಯ ಕಚೇರಿಗೆ ದೂರು ಕೊಟ್ಟೆ. ಒಬ್ಬ ಅಧಿಕಾರಿ ಬಂದರು, ಜೀಪಿನಿಂದ ಇಳಿಯದೆಯೇ ನೋಡಿದರು. "ಖಾಸಗಿ ಜಮೀನಮ್ಮಾ. ಅವರ ಮರ, ಅವರ ಹುಲ್ಲು. ನೊಣ ತಿನ್ನೋ ಗಿಡಕ್ಕೆ ನಾವ್ಯಾಕೆ ಕಣ್ಣೀರು ಹಾಕೋಣ?" ಎಂದು ಕಿಸಕ್ಕನೆ ನಕ್ಕು ಹೊರಟುಹೋದರು.

ನಿನ್ನ ಬೂಟಿನಮ್ಮನ ಬಗ್ಗೆ ಇಲ್ಲಿಯವರನ್ನು ವಿಚಾರಿಸಿದೆ. ಇಲಾಖೆಯಲ್ಲಿದ್ದಾಗ ಅವರ ಕೆಲಸ ಏನು ಗೊತ್ತೇ? ಕಾಲುವೆ ತೋಡಿಸಿ ಜೌಗು ನೆಲ ಒಣಗಿಸುವುದು. ಜೀವನವಿಡೀ ಜೌಗು ಒಣಗಿಸಿದವರು ಈಗ ಜೌಗು ಸಾಕುತ್ತಾರೆ ಎಂದರೆ ನಾನು ನಂಬಬೇಕು. ನೀನು ನಂಬಿದೆಯೋ, ನಂಬಿದ ಹಾಗೆ ನಟಿಸಿದೆಯೋ?

ನಿನ್ನ ತಂಗಿ


ಏಪ್ರಿಲ್ ೧೯

ತಂಗಿಗೆ,

ಅವರು ಮಾಡುತ್ತಿರುವುದು ಸರಿಯಾಗಿಯೇ ಇದೆ. ಹೂಜಿಗಿಡಕ್ಕೆ ನೆರಳು ಆಗುವುದಿಲ್ಲ. ನಾವು ಚಿಕ್ಕವರಿದ್ದಾಗ ಅಲ್ಲಿ ಎಷ್ಟು ಕಡಿಮೆ ಮರಗಳಿದ್ದವು, ಯೋಚಿಸಿ ನೋಡು. ಕುರುಚಲು ಬೆಳೆದು ನೀರು ಕುಡಿಯುತ್ತದೆ, ಬಿಸಿಲು ತಡೆಯುತ್ತದೆ. ವರ್ಷ ಬಿಟ್ಟು ವರ್ಷ ಒಣಹುಲ್ಲಿಗೆ ಹದವಾಗಿ ಬೆಂಕಿ ಕೊಟ್ಟರೆ ಗಿಡದ ಬೇರಿಗೆ ಏನೂ ಆಗದು. ಇದನ್ನೆಲ್ಲ ಅವರೇ ಫೋನಿನಲ್ಲಿ ವಿವರಿಸಿದರು. ಪೆಟ್ಟಿಗೆಗಳು ಕಡಿದ ಬೊಡ್ಡೆ ಸಾಗಿಸಲಿಕ್ಕೆ.

ನಿನ್ನನ್ನು ಒಂದು ವಿಷಯ ಕೇಳಬೇಕು. ಸಿಟ್ಟಾಗಬೇಡ. ಆ ಬೀಗ ಮಾರುವಾಗ ಅದಕ್ಕೆ ಇನ್ನೊಂದು ಬೀಗದ ಕೈ ಮಾಡಿಟ್ಟುಕೊಂಡೆಯಾ?

ಹೌದು ಎಂದರೆ ಹೌದು ಎನ್ನು. ಸರಿಮಾಡಬಹುದು.

ಅಣ್ಣ


ಮೇ ೨

ಅಣ್ಣ ಎನ್ನಿಸಿಕೊಂಡವನಿಗೆ,

ನಿನ್ನ ಪ್ರಶ್ನೆಯ ಅರ್ಥ ನನಗೆ ನಿನ್ನಿಂದ ತಿಳಿಯಲಿಲ್ಲ, ಬೂಟಿನಮ್ಮನಿಂದ ತಿಳಿಯಿತು.

ಅವರು ಮೊನ್ನೆ ಅಂಗಡಿಗೆ ಬಂದು ಬೀಗವನ್ನು ಕೌಂಟರಿನ ಮೇಲೆ ಇಟ್ಟರು. ಟೀ ಬೇಕೇ ಎಂದರೆ ಬೇಡ ಎಂದರು. ಕೂರಲೂ ಇಲ್ಲ.

"ಕೆಳಗಿನ ತುದೀಲಿ ಗಿಡಗಳನ್ನ ಬುಡಸಮೇತ ಕಿತ್ಕೊಂಡು ಹೋಗಿದ್ದಾರೆ. ಒಂದು ಸಲ ಅಲ್ಲ, ಎರಡು ಸಲ. ಬೇಲಿ ಕತ್ತರಿಸಿಲ್ಲ, ಬೀಗ ಒಡೆದಿಲ್ಲ. ತೆಗೆದು, ಒಳಗೆ ಹೋಗಿ, ಮತ್ತೆ ಹಾಕ್ಕೊಂಡು ಹೋಗಿದ್ದಾರೆ. ಈ ಊರಲ್ಲಿ ಅಷ್ಟು ಅಚ್ಚುಕಟ್ಟಾಗಿ ಬೀಗ ತೆಗೆಯೋರು ಯಾರು ಅಂತ ಕೇಳಿದೆ. ಎಲ್ಲರೂ ನಿಮ್ಮ ಹೆಸರೇ ಹೇಳಿದ್ರು."

ಬಾಯಿಗೆ ಬಂದದ್ದನ್ನು ನುಂಗಿಕೊಂಡು ಅವರ ಎದುರಿಗೇ ಬೀಗ ಬಿಚ್ಚಿದೆ. ತಂತಿ ಆಡಿಸಿ ತೆಗೆದಿದ್ದರೆ ಒಳಗಿನ ಹಿತ್ತಾಳೆಯ ಮೇಲೆ ಹೊಸ ಗೀರು ಇರಲೇಬೇಕು. ಲೆನ್ಸ್ ಕೊಟ್ಟು ಅವರೇ ನೋಡಲಿ ಎಂದೆ. ಒಂದು ಗೀರೂ ಇರಲಿಲ್ಲ. "ಇದು ಕೀ ಹಾಕಿ ತೆಗೆದದ್ದು" ಎಂದೆ.

"ನೀವೂ ಒಂದು ಕೀ ಮಾಡಿಟ್ಕೊಂಡಿರಬಹುದಲ್ಲ?"

"ಮಾಡಿಟ್ಕೊಂಡಿದ್ರೆ ತಂತಿ ಹಾಕಿ ತೆಗೆದಿದ್ದಾರೆ ಅಂತ ಸುಳ್ಳು ಹೇಳಿ ಪಾರಾಗ್ತಿದ್ದೆ. ಕೀ ಅಂತ ನಾನಾಗೇ ಯಾಕೆ ಹೇಳ್ಲಿ?"

ಅವರು ಲೆನ್ಸನ್ನು ಕೌಂಟರಿನ ಮೇಲೆ ಇಟ್ಟರು. ಆಮೇಲೆ ಕುರ್ಚಿ ಎಳೆದು ಕೂತರು.

"ನಿಮ್ಮದೊಂದು. ಇನ್ನೊಂದು ಎಲ್ಲಿದೆ?" ಎಂದು ಕೇಳಿದೆ.

ಹೇಳಲೋ ಬೇಡವೋ ಎಂದು ನನ್ನ ಮುಖ ನೋಡಿದರು. "ನಿಮ್ಮ ಅಣ್ಣ ಕೇಳಿದ್ರು. ಬಂದಾಗ ಒಳಗೆ ಹೋಗಿ ಸ್ವಲ್ಪ ಹೊತ್ತು ಕೂತು ಬರ್ತೀನಿ ಅಂದ್ರು. ಕಳಿಸಿಕೊಟ್ಟೆ."

ಈಗ ನನ್ನ ಸರದಿ. ಆ ಬೀಗದ ಕೈ ನಿನ್ನ ಜೇಬಿನಲ್ಲಿದೆಯಾ ಅಣ್ಣಾ? ಹೌದು ಎಂದರೆ ಹೌದು ಎನ್ನು. ಸರಿಮಾಡಬಹುದು.

ತಂಗಿ


ಜೂನ್ ೧೦

ಅಣ್ಣನಿಗೆ,

ಪತ್ರವಿಲ್ಲ. ಫೋನನ್ನೂ ಎತ್ತುತ್ತಿಲ್ಲ. ಆಸ್ಪತ್ರೆಗೆ ಮಾಡಿದರೆ "ಕೆಲಸದಲ್ಲಿದ್ದಾರೆ" ಎನ್ನುತ್ತಾರೆ. ಬದುಕಿದ್ದೀಯ ಎಂದಷ್ಟು ತಿಳಿಯಿತು, ಅದೇ ಸಮಾಧಾನ.

ನಿನ್ನೆ ಬೂಟಿನಮ್ಮ ನನ್ನನ್ನು ಒಳಗೆ ಕರೆದುಕೊಂಡು ಹೋದರು. ಗುಂಡಿಗಳಲ್ಲಿ ಕಂದು ನೀರು ನಿಂತಿದೆ. ಎತ್ತರದ ಹಳೆಯ ಗಿಡಗಳನ್ನೇ ಆರಿಸಿ ಕಿತ್ತಿದ್ದಾರೆ, ಸಣ್ಣವನ್ನು ತುಳಿದು ಹಾಕಿದ್ದಾರೆ. ಆದರೆ ಸುಟ್ಟ ಕಡೆ ನೋಡಬೇಕಿತ್ತು ನೀನು. ಎಲ್ಲೆಲ್ಲೂ ಹೊಸ ಹೂಜಿ, ತಿಳಿಹಸಿರು, ಒಂದಕ್ಕೊಂದು ಒತ್ತಿಕೊಂಡು. ಬೆಳಕಿನ ವಿಷಯದಲ್ಲಿ ಆಕೆ ಹೇಳಿದ್ದು ನಿಜ. ಅವರ ಮುಂದೆ ಒಪ್ಪಿಕೊಳ್ಳಲಿಲ್ಲ, ನಿನ್ನ ಮುಂದೆ ಒಪ್ಪಿಕೊಳ್ಳುತ್ತಿದ್ದೇನೆ.

ಜೌಗು ಒಣಗಿಸುತ್ತಿದ್ದವರು ಇದನ್ನು ಯಾಕೆ ತಗೊಂಡಿರಿ ಎಂದು ನೇರವಾಗಿಯೇ ಕೇಳಿದೆ. "ಎಷ್ಟೋ ಒಣಗಿಸಿದೆ. ಆಗ ಯಾರೂ ನನ್ನನ್ನ ನಿಲ್ಲಿಸಿ, ಇದರಲ್ಲಿ ಏನಿದೆ ನೋಡು ಅಂತ ಹೇಳಲಿಲ್ಲ" ಎಂದರು. ಅಷ್ಟೇ. ಹೂಜಿಗೆ ನೆರಳು ಮಾಡುವ ಕುರುಚಲಿನ ಸಸಿ ಕೀಳುವುದನ್ನು ಮುಂದುವರಿಸಿದರು. ನಾನೂ ಕೂತು ನಾಲ್ಕು ಕಿತ್ತೆ.

ಸುಮ್ಮನಿದ್ದಷ್ಟೂ ನನ್ನ ತಲೆಯಲ್ಲಿ ನಿನ್ನ ಬಗ್ಗೆ ಕೆಟ್ಟದ್ದೇ ಬೆಳೆಯುತ್ತದೆ. ಏನಾದರೂ ಬರೆ.

ತಂಗಿ


ಜುಲೈ ೭

ತಂಗಿಗೆ,

ಬರೆಯುತ್ತೇನೆ. ಮೊದಲು ಯಾಕೆ ಮಾರಿದೆ ಎಂಬುದು.

ಹೋದ ವರ್ಷ ಅತ್ತೆ ಫೋನ್ ಮಾಡಿದ್ದರು. "ನಿನ್ನ ತಂಗಿ ಲೇಔಟ್ ಮಾಡೋರನ್ನ ಕರ್ಕೊಂಡು ಹೋಗಿ ಜೌಗು ತೋರಿಸ್ತಿದ್ಲು ಕಣೋ. ನನ್ನ ಕಣ್ಣಾರೆ ನೋಡಿದೆ. ನಿನಗೆ ಹೇಳಿದ್ದಾಳೋ ಇಲ್ವೋ" ಎಂದರು. ನೀನು ಹೇಳಿರಲಿಲ್ಲ. ನಾನು ದೂರದಲ್ಲಿದ್ದೇನೆ, ಜಮೀನು ನನ್ನ ಹೆಸರಿನಲ್ಲಿದ್ದರೂ ಲಾರಿಯಲ್ಲಿ ಮಣ್ಣು ತಂದು ಸುರಿದ ಮೇಲೆ ನನಗೆ ತಿಳಿಯುತ್ತದೆ, ಆಗ ಹೂಜಿಯೂ ಇಲ್ಲ ಜೌಗೂ ಇಲ್ಲ ಎಂದು ಹೆದರಿದೆ. ಅದೇ ಹೊತ್ತಿಗೆ ಬೂಟಿನಮ್ಮ (ಈ ಹೆಸರು ನನ್ನ ಬಾಯಿಗೂ ಬಂತು) ಕೇಳಿದರು. ಕೊಟ್ಟುಬಿಟ್ಟೆ. ಗೇಟಿಗೆ ಬೀಗ ಹಾಕಿ, ನನ್ನ ತಂಗಿಯನ್ನೂ ಬಿಡಬೇಡಿ ಎಂದವನು ನಾನೇ. ಅವರು ಬೀಗ ತರಲು ನಿನ್ನಂಗಡಿಗೇ ಬರುತ್ತಾರೆಂದು ನನಗೇನು ಗೊತ್ತು?

ಎರಡನೆಯದು ಬೀಗದ ಕೈ. ನಮ್ಮಲ್ಲಿ ಒಬ್ಬ ದೊಡ್ಡ ಡಾಕ್ಟರಿದ್ದಾರೆ. ಅವರು ಕಾಲು ತೆಗೆಯುತ್ತಾರೆ, ನಾನು ಕಾಲು ಮಾಡುತ್ತೇನೆ. ಅವರಾಗಿ ನನ್ನ ಕಾರ್ಯಾಗಾರಕ್ಕೆ ಯಾವತ್ತೂ ಬಂದವರಲ್ಲ. ಫೆಬ್ರುವರಿಯಲ್ಲಿ ಒಂದು ಮಧ್ಯಾಹ್ನ ಬಂದು, ಗೋಡೆಯ ಫೋಟೋ ಎದುರು ನಿಂತು, ಗಿಡದ ಬಗ್ಗೆ ನನಗಿಂತ ಚೆನ್ನಾಗಿ ಮಾತಾಡಿದರು. ನನ್ನ ಹೆಗಲ ಮೇಲೆ ಕೈಯಿಟ್ಟರು. "ಒಂದು ಸಲ ನೋಡಿ ಕಣ್ಣು ತುಂಬಿಸ್ಕೋತೀನಿ. ಕೀ ಇದ್ದರೆ ಕೊಡ್ತೀರಾ?" ಅಂಥವರು ಕೇಳಿದರು ಎಂಬುದರಲ್ಲೇ ನನ್ನ ತಲೆ ತಿರುಗಿತ್ತು. ಕೊಟ್ಟೆ. ವಾರದಲ್ಲಿ ಹಿಂದಿರುಗಿಸಿದರು. ಅಷ್ಟರಲ್ಲಿ ಅದರಂಥದೇ ಇನ್ನೊಂದು ಮಾಡಿಸಿಕೊಳ್ಳಲು ಎಷ್ಟು ಹೊತ್ತು ಬೇಕು, ನಿನಗೆ ಹೇಳಬೇಕಾಗಿಲ್ಲ.

ಗಿಡ ಹೋಗಿವೆ ಎಂದು ಬೂಟಿನಮ್ಮ ಫೋನ್ ಮಾಡಿದಾಗ ಡಾಕ್ಟರ ನೆನಪು ಬಂದಿತ್ತು. ಅದನ್ನು ಪಕ್ಕಕ್ಕೆ ತಳ್ಳಿ ನಿನ್ನ ಮೇಲೆ ಅನುಮಾನಪಟ್ಟೆ. ಅದು ಸುಲಭವಾಗಿತ್ತು.

ಇನ್ನೂ ನನಗೆ ಖಾತ್ರಿಯಿಲ್ಲ. ಖಾತ್ರಿ ಮಾಡಿಕೊಳ್ಳುತ್ತೇನೆ.

ಅಣ್ಣ


ಜುಲೈ ೧೬

ಅಣ್ಣನಿಗೆ,

ಅತ್ತೆಯ ಬಾಯಿಗೆ ಹಾಕುವಂಥ ಬೀಗ ಇನ್ನೂ ಯಾವ ಕಂಪನಿಯಲ್ಲೂ ತಯಾರಾಗಿಲ್ಲ. ತಯಾರಾದರೆ ಮೊದಲನೆಯದು ನನಗಿರಲಿ.

ಹೌದು, ಲೇಔಟಿನವರು ಅಂಗಡಿಗೆ ಬಂದು ಜೌಗಿಗೆ ದಾರಿ ಕೇಳಿದ್ದರು. ದಾರಿ ಹೇಳಿ ಕಳಿಸಿದರೆ ಅಂಚಿನ ಗಟ್ಟಿನೆಲ ನೋಡಿ ಪರವಾಗಿಲ್ಲ ಎಂದುಕೊಳ್ಳುತ್ತಾರೆ. ಅದಕ್ಕೇ ಅಂಗಡಿ ಮುಚ್ಚಿ ನಾನೇ ಜೊತೆಗೆ ಹೋದೆ. ಎಲ್ಲಿ ಕಾಲು ಹೆಚ್ಚು ಹೂತುಹೋಗುತ್ತದೋ ಅಲ್ಲೇ ನಡೆಸಿದೆ. ದಪ್ಪಗಿದ್ದವನ ಒಂದು ಶೂ ಒಳಗೆ ಹೋದದ್ದು ಇವತ್ತಿಗೂ ಮೇಲೆ ಬಂದಿಲ್ಲ. "ಇದಕ್ಕೆ ಮಣ್ಣು ಸುರಿದ್ರೆ ನಮ್ಮ ಮನೆ ಮಾರಬೇಕಾಗುತ್ತೆ ಮಾರಾಯ" ಎಂದು ಬೈದುಕೊಂಡು ಒಂಟಿ ಶೂನಲ್ಲಿ ಕಾರು ಹತ್ತಿದ. ನಿನಗೆ ಹೇಳಿದರೆ ಗಾಬರಿಯಾಗುತ್ತೀಯ ಎಂದು ಹೇಳಲಿಲ್ಲ. ಊರಿಗೆ ಬಂದಾಗ ಹೇಳಿ ನಗಿಸೋಣ ಎಂದುಕೊಂಡಿದ್ದೆ. ನೀನು ಬರಲೇ ಇಲ್ಲ.

ಒಂದು ಮಾತು ಕೇಳಬಹುದಿತ್ತು. ನನ್ನ ಬಾಯಿಂದ ಕೇಳುವ ಬದಲು ನೆಲವನ್ನೇ ಮಾರಿದೆ.

ಇದನ್ನು ಬರೆಯುವಾಗ ಅತ್ತೆ. ಕಾಗದ ನೋಡಿ ಅತ್ತೆ ಯಾರೆಂದು ಗೊಂದಲ ಮಾಡಿಕೊಳ್ಳಬೇಡ, ನಾನೇ ಅತ್ತದ್ದು.

ತಂಗಿ


ಸೆಪ್ಟೆಂಬರ್ ೧೩

ತಂಗಿಗೆ,

ಖಾತ್ರಿಯಾಯಿತು.

ಡಾಕ್ಟರ ತಾಯಿಗೆ ಮೊಣಕಾಲಿನ ಪಟ್ಟಿ ಮಾಡಿಕೊಡಬೇಕಿತ್ತು. ಅಳತೆಗೆ ಬೇರೆಯವನು ಹೋಗಬೇಕಾಗಿದ್ದದ್ದು, ನಾನೇ ಹೋದೆ. ಮುದುಕಮ್ಮ ಒಳ್ಳೆಯವರು. "ನನ್ನ ಮಗನ ಗಿಡ ನೋಡಿದ್ದೀರಾ? ಎಲ್ಲೆಲ್ಲಿಂದಲೋ ತರಿಸ್ತಾನೆ, ಎಲ್ಲೆಲ್ಲಿಗೋ ಕಳಿಸ್ತಾನೆ" ಎಂದು ತಾವೇ ಮಹಡಿಯ ಗಾಜಿನ ಕೋಣೆ ತೋರಿಸಿದರು. ಒಳಗೆ ಕಾಲಿಟ್ಟ ಕೂಡಲೇ ನಮ್ಮ ಜೌಗಿನ ವಾಸನೆ. ತೊಟ್ಟಿ ತೊಟ್ಟಿಗಳಲ್ಲಿ ನಮ್ಮ ಹೂಜಿಗಳು, ಬಾಯಂಚಿನ ಆ ಕಡುಗೆಂಪು ಗೆರೆ ಬೇರೆಲ್ಲೂ ನಾನು ಕಂಡಿಲ್ಲ. ಕೆಲವು ಒಣಗಿ ಹಾಳೆಯಂತಾಗಿದ್ದವು.

ಆಗಲೇ ಡಾಕ್ಟರು ಬಂದರು. ನನ್ನನ್ನು ಅಲ್ಲಿ ಕಂಡು ಬೆಚ್ಚಲೂ ಇಲ್ಲ.

"ಸರ್, ಇವು ನಮ್ಮವು" ಎಂದೆ.

"ನಿಮ್ಮವು ಹೇಗಾಗುತ್ತೆ? ನೀವು ಮಾರಿಬಿಟ್ಟಿದ್ದೀರಲ್ಲ."

"ಮಾರಿದ್ದು ಅವರಿಗೆ. ನಿಮಗಲ್ಲ."

"ಕೀ ಕೊಟ್ಟವರು ನೀವು" ಎಂದರು, ನಗುತ್ತಲೇ. "ಬಾಯಿ ಬಿಟ್ಟರೆ ಮೊದಲು ಸಿಕ್ಕಿಬೀಳೋದು ಯಾರು, ಯೋಚನೆ ಮಾಡಿ."

ಅವರ ಮನೆಯಿಂದ ಹಿಂದಿರುಗುವಾಗ ರೈಲಿನ ಬಾಗಿಲಲ್ಲಿ ನಿಂತು ಯೋಚನೆ ಮಾಡಿದೆ. ಮರುದಿನ ಬೂಟಿನಮ್ಮನನ್ನು ಇಲ್ಲಿಗೆ ಕರೆಸಿಕೊಂಡು, ಅವರ ಜೊತೆ ಇಲ್ಲಿಯ ಠಾಣೆಗೆ ಹೋಗಿ, ಬೀಗದ ಕೈ ಕೊಟ್ಟವನು ನಾನೇ ಎಂದು ಬರೆದು ಸಹಿ ಹಾಕಿದೆ. ಗಿಡಗಳನ್ನು ವಶಪಡಿಸಿಕೊಂಡು ಠಾಣೆಯ ವರಾಂಡದಲ್ಲಿ ಇಟ್ಟಿದ್ದಾರೆ. ಪೇದೆಯೊಬ್ಬ ಪಾಪ, ದಿನಾ ಒಂದೊಂದಕ್ಕೂ ನೊಣ ಹಿಡಿದು ಹಾಕುತ್ತಿದ್ದಾನಂತೆ. ಕೇಸು ಎಲ್ಲಿಗೆ ಮುಟ್ಟುತ್ತದೋ ತಿಳಿಯದು. ಡಾಕ್ಟರು ಈಗಲೂ ರೌಂಡ್ಸಿಗೆ ಬರುತ್ತಾರೆ. ನನ್ನನ್ನು ಕಾರ್ಯಾಗಾರದಿಂದ ಉಗ್ರಾಣಕ್ಕೆ ಹಾಕಿದ್ದಾರೆ. ಊರುಗೋಲುಗಳಿಗೆ ನಂಬರು ಬರೆದು ಜೋಡಿಸುತ್ತೇನೆ. ಕೈ ಸುಮ್ಮನಿರುವುದಿಲ್ಲ, ಗಾಳಿಯಲ್ಲೇ ಅಚ್ಚು ತೆಗೆಯುತ್ತದೆ.

ಗಿಡ ಬಿಡಿಸಿಕೊಟ್ಟ ಕೂಡಲೇ ತರುತ್ತೇನೆ. ಮನೆಗೆ ಬರಲೋ, ಲಾಡ್ಜಿನಲ್ಲಿ ಇಳಿಯಲೋ, ನೀನು ಹೇಳಿದ ಹಾಗೆ.

ಅಣ್ಣ


ಡಿಸೆಂಬರ್ ೮

ಅಣ್ಣನಿಗೆ,

ನೀನು ಬಂದು ಹೋಗಿ ತಿಂಗಳಾಯಿತು. ಇದ್ದ ಎರಡು ದಿನವೂ ನಾವು ಮಾತಾಡಿದ್ದು ಕಡಿಮೆ. "ಆ ಕಡೆ ಹಿಡಿ", "ಇನ್ನೂ ಆಳ ಬೇಕು", "ಉಪ್ಪು ಕೊಡು", ಇಷ್ಟೇ. ಕೃತಕ ಕಾಲು ಬರುವ ಉದ್ದನೆಯ ಪೆಟ್ಟಿಗೆಗಳಲ್ಲಿ ಹಸಿ ಪಾಚಿ ತುಂಬಿ ನೀನು ಗಿಡ ಇಳಿಸುತ್ತಿದ್ದಾಗ, ಎದುರುಮನೆಯವರು ಕಿಟಕಿಯಿಂದ ನೋಡಿ, ನಿಮ್ಮ ಮನೆಯಲ್ಲಿ ಯಾರಿಗೆ ಕಾಲು ಹೋಯಿತು ಎಂದು ಇನ್ನೂ ಕೇಳುತ್ತಿದ್ದಾರೆ.

ನೀನು ತಂದವುಗಳಲ್ಲಿ ಹೆಚ್ಚಿನವು ಸತ್ತವು. ಸುಳ್ಳು ಹೇಳಿ ಸಮಾಧಾನ ಮಾಡುವುದಿಲ್ಲ. ಬೇರು ತುಂಡಾಗಿತ್ತು, ಠಾಣೆಯಲ್ಲಿ ಇವಕ್ಕೆ ಆಗದ ನಲ್ಲಿನೀರು ಬೇರೆ ಹಾಕಿದ್ದರು. ಒಂದು ಕೈಯಲ್ಲಿ ಹಿಡಿಯುವಷ್ಟು ಉಳಿದಿವೆ. ಅವು ಬದುಕಿಕೊಂಡಾವು ಎನ್ನುತ್ತಾರೆ ಬೂಟಿನಮ್ಮ.

ನಿನ್ನೆ ಅವರು ಅಂಗಡಿಗೆ ಬಂದು, ಟೀ ತರಿಸು ಎಂದು ತಾವೇ ಹೇಳಿ, ಕೂತರು. ತಮ್ಮ ಕಾಲಾನಂತರದ ಚಿಂತೆ. ಮಕ್ಕಳಿಲ್ಲ, ಗಂಡನ ಕಡೆಯವರಿಗೆ ಕೊಟ್ಟರೆ ಮಾರುತ್ತಾರೆ. ಅದಕ್ಕೆ ಜೌಗನ್ನು ಒಂದು ಟ್ರಸ್ಟಿಗೆ ಬರೆಯುತ್ತಿದ್ದಾರೆ. ಟ್ರಸ್ಟಿನಲ್ಲಿ ಅವರೊಬ್ಬರು, ನಾನು, ನೀನು. ಮೂವರಲ್ಲಿ ಯಾರೇ ಇರಲಿ ಹೋಗಲಿ, ಉಳಿದವರೆಲ್ಲರ ಸಹಿಯಿಲ್ಲದೆ ಒಂದು ಹಿಡಿ ಮಣ್ಣೂ ಆಚೆ ಹೋಗಬಾರದು.

ನನಗೆ ನಗು ಬಂತು. "ನಮ್ಮಿಬ್ಬರನ್ನ ಸೇರಿಸ್ತೀರಾ? ಅವನಿಗೆ ನನ್ನ ಮೇಲೆ ನಂಬಿಕೆ ಇರಲಿಲ್ಲ. ನನಗೆ ಅವನ ಮೇಲೆ ಇವತ್ತಿಗೂ ಪೂರ್ತಿ ಬಂದಿಲ್ಲ. ಕೈಗೆ ಒಂದು ಕೀ ಕೊಟ್ಟರೆ ಯಾರಿಗೆ ಕೊಡ್ತಾನೋ ಅಂತ ನಿದ್ದೆ ಬರಲ್ಲ."

"ಅದಕ್ಕೇ ನೀವಿಬ್ಬರೂ ಬೇಕು" ಎಂದರು. "ಒಬ್ಬರನ್ನೊಬ್ಬರು ತುಂಬಾ ನಂಬೋ ಅಣ್ಣತಂಗಿ ಇದ್ದಿದ್ರೆ ಯಾರಾದರೂ ಬಂದು ಒಬ್ಬರ ತಲೆ ಕೆಡಿಸಿದ್ರೆ ಸಾಕು, ಇನ್ನೊಬ್ಬರು ಕಣ್ಣು ಮುಚ್ಕೊಂಡು ಸಹಿ ಹಾಕ್ತಾರೆ. ನೀವು ಹಾಗಲ್ಲ. ಅಣ್ಣ ಒಂದು ಕಾಗದ ಕಳಿಸಿದ್ರೆ ನೀವು ಹತ್ತು ಸಲ ಓದ್ತೀರಿ. ನೀವು ಬೇಲಿ ಹತ್ರ ಯಾರ ಜೊತೆಗಾದರೂ ನಿಂತ್ರೆ ಅವರು ರೈಲು ಹತ್ತಿ ಬರ್ತಾರೆ. ನನಗೆ ಇದಕ್ಕಿಂತ ಒಳ್ಳೆ ಕಾವಲು ಎಲ್ಲಿ ಸಿಗುತ್ತೆ?"

ಕೇಳಿ ಸಿಟ್ಟು ಬಂತು. ಒಪ್ಪಿಕೊಂಡಿದ್ದೇನೆ. ಆದರೆ ನನ್ನದೊಂದು ಷರತ್ತು, ಅದನ್ನು ವಕೀಲರು ಬರೆಯಲಾರರು, ನಾನೇ ಬರೆಯುತ್ತಿದ್ದೇನೆ. ಇನ್ನು ಮುಂದೆ ನನ್ನ ಮೇಲೆ ಅನುಮಾನ ಬಂದರೆ ಬೇರೆ ಯಾರಿಗಿಂತಲೂ ಮೊದಲು ನನಗೇ ಹೇಳಬೇಕು. ಎಷ್ಟೇ ಕೆಟ್ಟದ್ದಿರಲಿ. ಬೈಯುತ್ತೇನೆ, ಆದರೆ ಉತ್ತರ ಕೊಡುತ್ತೇನೆ. ನಿನ್ನ ಮೇಲೆ ಬಂದರೆ ನಾನೂ ಹಾಗೇ ಮಾಡುತ್ತೇನೆ, ಬರದೇ ಇರುವುದಿಲ್ಲ.

ಸಹಿಗೆ ಇಪ್ಪತ್ತಮೂರಕ್ಕೆ ಬರಬೇಕಂತೆ. ಲಾಡ್ಜ್ ಗೀಡ್ಜ್ ಬೇಡ. ನಿನ್ನ ಹಾಸಿಗೆ ಬಿಸಿಲಿಗೆ ಹಾಕಿದ್ದೇನೆ.

ಕಣ್ಣಿಟ್ಟಿರುವ,
ನಿನ್ನ ತಂಗಿ